ಹೆಸರು ಮಡಗಿ ಬಂದ ಬೋರಲಿಂಗ

ಕತೆ ಕೇಳೋರು ಹತ್ತಿರ ಬನ್ನಿ, ಹೂಂಗುಟ್ಟೋರು ಇನ್ನೂ ಹತ್ತಿರ ಬನ್ನಿ. ನಿದ್ದೆ ಬಂದೋರು ಎದ್ದು ಹೋಗಿ, ನನಗೇನೂ ಬೇಜಾರಿಲ್ಲ.

ನಮ್ಮ ಬೀದೀಲಿ ದೇವೀರಮ್ಮ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ಬೋರಲಿಂಗ. ಮೈ ನೋಡಿದರೆ ಬಾಗಿಲು ತುಂಬ, ತಲೆ ನೋಡಿದರೆ ಖಾಲಿ ಕಣಜ. ಆದರೆ ಒಂದು ಗುಣ ಇತ್ತು. ಅವ್ವ ಹೇಳಿದ್ದರಲ್ಲಿ ಒಂದಕ್ಷರ ಬಿಡುತ್ತಿರಲಿಲ್ಲ. ಹೇಳಿದ್ದು ಹೇಳಿದ ಹಾಗೆ. "ಕೆರೆ ಹತ್ರ ಎಮ್ಮೆ ಬಿಟ್ಟು ಬಾ" ಅಂದಳು ಒಂದು ದಿನ. ಬಿಟ್ಟು ಬಂದ. ಹೊತ್ತು ಮುಳುಗಿತು, ಎಮ್ಮೆ ಇಲ್ಲ. "ಎಮ್ಮೆ ಎಲ್ಲಿ ಮಗಾ?" "ಬಿಟ್ಟು ಬಂದೆ ಕಣವ್ವ." ಎಮ್ಮೆ ಮೂರನೇ ಊರಲ್ಲಿ ಸಿಕ್ಕಿತು.

ಪೆದ್ದ ಮಗನನ್ನ ಹೇಗೋ ತಾಳಿಕೊಳ್ಳಬಹುದು. ಗೋಡೆ ಆಚೆ ಜಾಣ ಮಗ ಇದ್ದರೆ ತಾಳೋದು ಹೇಗೆ? ಗೋಡೆ ಆಚೆ ಇದ್ದವಳು ಜವರಮ್ಮ, ದೇವೀರಮ್ಮನ ಓರಗಿತ್ತಿ, ಮೈದುನನ ಹೆಂಡತಿ. ಅವಳ ಮಗ ಯತೀಶ. ಯತೀಶ ಹಾಗೆ, ಯತೀಶ ಹೀಗೆ, ಯತೀಶ ಕೆಮ್ಮಿದರೂ ಊರಿಗೆಲ್ಲ ಸುದ್ದಿ. ಜವರಮ್ಮ ನಲ್ಲಿ ಹತ್ತಿರ ಬಂದಳು ಅಂದರೆ ಕೊಡಕ್ಕೆ ನೀರು ಬೀಳೋದಕ್ಕಿಂತ ಮುಂಚೆ ನಮ್ಮ ಕಿವಿಗೆ ಯತೀಶ ಬೀಳುತ್ತಿದ್ದ.

ಆ ವರ್ಷ ನಮ್ಮೂರಿಗೆ ಒಂದು ಹೊಸ ಆಟ ಬಂತು. ತಂದವಳು ಟೈಲರ್ ವಸಂತಕ್ಕ. ಮೈಸೂರಿಗೆ ಹೊಲಿಗೆ ಕಲಿಯೋಕೆ ಹೋದವಳು, ರವಿಕೆ ಜೊತೆಗೆ ಇದನ್ನೂ ಕಲಿತು ಬಂದಳು. ಭಾನುವಾರ ಬಂತು ಅಂದರೆ ಬಟ್ಟೆ ಕತ್ತರಿಸೋ ಮೇಜಿನ ಸುತ್ತ ಹುಡುಗರು. ವಸಂತಕ್ಕ ಕತೆ ಹೇಳುತ್ತಾಳೆ, ಹುಡುಗರು ಕತೆಯೊಳಗಿನ ಜನ ಆಗುತ್ತಾರೆ. ಎದುರಿಗೆ ರಾಕ್ಷಸ ಬಂದರೆ ದಾಳ ಹಾಕುತ್ತಾರೆ. ಒಳ್ಳೆ ದಾಳ ಬಿದ್ದರೆ ರಾಕ್ಷಸ ಸತ್ತ, ಕೆಟ್ಟದ್ದು ಬಿದ್ದರೆ ನೀವು ಸತ್ತಿರಿ. ಗೊಂಬೆ ಇಲ್ಲದ್ದಕ್ಕೆ ದಾರದ ರೀಲುಗಳನ್ನೇ ನಿಲ್ಲಿಸಿದ್ದಳು. ಕೆಂಪು ರೀಲು ಮಂತ್ರವಾದಿ. ಹಸಿರು ರೀಲು ಬಿಲ್ಲುಗಾರ. ಕರೀ ರೀಲು ಕಳ್ಳ. ಆ ಕಳ್ಳ ಯಾರು ಗೊತ್ತಾ? ನನ್ನ ಮಗ ಚೆಲುವರಾಜ. ಊರ ಮಕ್ಕಳಿಗೆಲ್ಲ ಮಂತ್ರ ಕೊಟ್ಟಳು, ಬಿಲ್ಲು ಕೊಟ್ಟಳು, ನನ್ನ ಮಗನನ್ನ ಮಾತ್ರ ಕಳ್ಳನ ಮಾಡಿ ಕೂರಿಸಿದಳು. ಇರಲಿ ಬಿಡಿ, ಕತೆ ನನ್ನದಲ್ಲ.

ಉಳಿದದ್ದು ಬಿಳೀ ರೀಲು. ಅದಕ್ಕೆ ಎಲ್ಲರೂ ಬಾಯಿ ಬಿಡುತ್ತಿದ್ದರು. ಬಿಳೀ ರೀಲು ಅಂದರೆ ದೇವರ ಮುಂದೆ ಆಣೆ ಮಾಡಿ ಕತ್ತಿ ಹಿಡಿದವನು. ಆಣೆ ಮುರಿಯದೆ ಇರೋ ತನಕ ಅವನ ಕತ್ತಿಗೆ ಬೆಳಕು. ಗಾಯದ ಮೇಲೆ ಕೈ ಇಟ್ಟರೆ ಗಾಯ ಮಾಯ. ಆ ಆಟದ ಇಂಗ್ಲಿಷ್ ಪುಸ್ತಕದಲ್ಲಿ ಅವನಿಗೆ ಏನೋ ಒಂದು ಹೆಸರಿತ್ತು, ನಮ್ಮ ಹುಡುಗರ ನಾಲಿಗೆಗೆ ಹೊರಳಲಿಲ್ಲ. ಅದಕ್ಕೆ ವಸಂತಕ್ಕ ಹೇಳಿದಳು:

"ಇವನಿಗೆ ನಮ್ಮ ಮಾತಲ್ಲಿ ಯಾರು ಒಳ್ಳೆ ಹೆಸರು ಮಡಗ್ತಾರೋ, ಬಿಳೀ ರೀಲು ಅವರಿಗೆ."

ಮಾರನೇ ದಿನ ನಲ್ಲಿ ಹತ್ತಿರ ಜವರಮ್ಮ, "ನಮ್ ಯತೀಶನೇ ಕಣಕ್ಕ ಹೆಸರು ಮಡಗಾದು. ಬಿಳೀ ರೀಲು ಇನ್ನೇನು ಬಂದಂಗೇ. ದೇವರ ದಂಡಿನವನು ಅಂದ್ರೆ ಸುಮ್ನೆನಾ?" ಅಂದಳು. ಅಂದು, ದೇವೀರಮ್ಮನ ಮುಖ ನೋಡಿ, "ನಿಮ್ ಬೋರ ಹುಷಾರಾಗವ್ನಾ?" ಅಂತ ಕೇಳಿದಳು. ದೇವೀರಮ್ಮನ ಕೊಡ ತುಂಬಿ ಚೆಲ್ಲುತ್ತಿತ್ತು, ಅವಳಿಗೆ ಗೊತ್ತೇ ಆಗಲಿಲ್ಲ. ದಾರದ ರೀಲು ಅಂದರೆ ಏನು, ಆಟ ಅಂದರೆ ಏನು, ಅವಳಿಗೆ ಒಂದೂ ತಿಳಿಯದು. ತಿಳಿದದ್ದು ಒಂದೇ. ಅದು ಜವರಮ್ಮನ ಮನೆಗೆ ಹೋಗಬಾರದು.

ಮನೆಗೆ ಬಂದವಳೇ ಮಗನನ್ನ ಎಬ್ಬಿಸಿದಳು.

"ಬೋರಾ, ಏಳ್ಲಾ. ಭಾನುವಾರ ವಸಂತಿ ಅಂಗಡಿಗೆ ಹೋಗು. ಅಲ್ಲಿ ಮೇಜಿನ ಮೇಲೆ ಬಿಳೀ ರೀಲು ನಿಂತಿರ್ತದೆ. ಅದಕ್ಕೆ ಒಂದು ಒಳ್ಳೆ ಹೆಸರು ಮಡಗಿ ಬಾ. ಯತೀಶನಿಗಿಂತ ಮುಂಚೆ ಮಡಗ್ಬೇಕು. ತಿಳೀತಾ?"

"ತಿಳೀತು ಕಣವ್ವ. ಒಳ್ಳೆ ಹೆಸರು."

ಭಾನುವಾರ ಬಂತು. ಬೋರಲಿಂಗ ಅಡುಗೆಮನೆಗೆ ಹೋದ. ಡಬ್ಬ ತೆಗೆದ. ಹೆಸರುಕಾಳು ಮೊರಕ್ಕೆ ಸುರಿದ. ಕಲ್ಲು ಆರಿಸಿದ, ಹುಳ ಆರಿಸಿದ, ಒಳ್ಳೊಳ್ಳೇದನ್ನೇ ತೆಗೆದು ಟವೆಲಿನಲ್ಲಿ ಗಂಟು ಕಟ್ಟಿದ. ಹೋದ, ಹೋದ, ಹೋದ. ಅಂಗಡೀಲಿ ರಾಕ್ಷಸನ ಗವಿ ಬಾಗಿಲು ತೆರೀತಾ ಇತ್ತು. ಹುಡುಗರು ಉಸಿರು ಬಿಗಿ ಹಿಡಿದು ಕೂತಿದ್ದರು. ಬೋರಲಿಂಗ ಗಂಟು ಬಿಚ್ಚಿ ಬಿಳೀ ರೀಲಿನ ಸುತ್ತ ಸುರಿದ. ಸುರ್ರಂತ ಕಾಳು ಮೇಜು ತುಂಬ ಓಡಿತು, ದಾಳ ನೆಲಕ್ಕೆ ಬಿತ್ತು, ಮಂತ್ರವಾದಿ ಉರುಳಿಕೊಂಡು ಹೊಲಿಗೆ ಮಿಷನ್ ಕೆಳಗೆ ಹೋದ.

"ಏನ್ಲಾ ಇದು?" ಅಂದ ಯತೀಶ.

"ಹೆಸರು. ಅವ್ವ ಮಡಗಿ ಬಾ ಅಂದ್ಲು. ಒಳ್ಳೇದು, ಹುಳ ಇಲ್ಲ."

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಯತೀಶ ನಗುತ್ತಲೇ ಕಾಳು ಗುಡಿಸಿ ಒಂದು ಚೀಲಕ್ಕೆ ತುಂಬಿ ಮನೆಗೆ ಒಯ್ದ. ಮಾರನೇ ಬೆಳಿಗ್ಗೆ ಗೋಡೆ ಆಚೆಯಿಂದ ಉಸಲಿ ಒಗ್ಗರಣೆ ಘಮ್ಮಂತ ಬಂತು. ತನ್ನ ಮನೆ ಹೆಸರು, ಆ ಮನೆ ಒಗ್ಗರಣೆ. ದೇವೀರಮ್ಮನಿಗೆ ಹೇಗಾಗಿರಬೇಕು ನೀವೇ ಹೇಳಿ.

"ಅಯ್ಯೋ ನನ್ ಕರ್ಮವೇ," ಅಂತ ಹಣೆ ಚಚ್ಚಿಕೊಂಡಳು. "ಹೆಸರು ಅಂದ್ರೆ ಕಾಳಲ್ಲ ಕಣ್ಲಾ, ಕೂಗೋ ಹೆಸರು. ತೊಟ್ಟಿಲು ಶಾಸ್ತ್ರದಲ್ಲಿ ಮಗೀಗೆ ಹೆಂಗ್ ಮಡಗ್ತಾರೆ? ತೊಟ್ಟಿಲಿಗೆ ಹಾಕ್ತಾರೆ, ತೂಗ್ತಾರೆ, ಕಿವೀಲಿ ಮೂರ್ ಸಲ ಹೆಸರು ಕೂಗ್ತಾರೆ, ಸಕ್ಕರೆ ಹಂಚ್ತಾರೆ. ಹಂಗ್ ಮಾಡ್ಬೇಕಾಗಿತ್ತು."

"ಸರಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮುಂದಿನ ಭಾನುವಾರ ಮತ್ತೆ ಹೋದ, ಹೋದ, ಹೋದ. ಬಿಳೀ ರೀಲು ಎತ್ತಿಕೊಂಡ. ಅಲ್ಲಿ ಶಾನುಭೋಗರ ಮನೆ ಮದುವೆ ಹೆಣ್ಣಿಗೆ ಅಂತ ರೇಷ್ಮೆ ಬಟ್ಟೆ ಇತ್ತು, ಅದರ ಎರಡು ತುದಿ ಕಿಟಕಿ ಸರಳಿಗೆ ಕಟ್ಟಿ ತೊಟ್ಟಿಲು ಮಾಡಿದ. ರೀಲು ಮಲಗಿಸಿದ. ತೂಗಿದ. ಕಿವಿ ಎಲ್ಲಿದೆ ಅಂತ ಹುಡುಕಿದ. ರೀಲಿನ ನಡುವೆ ತೂತು ಕಂಡಿತು. ಅದಕ್ಕೆ ಬಾಯಿಟ್ಟು ಬೀದಿಗೆಲ್ಲ ಕೇಳೋ ಹಾಗೆ ಕೂಗಿದ:

"ಹೆಸರು! ಹೆಸರು! ಹೆಸರು!"

ಆಮೇಲೆ ಜೇಬಿಂದ ಸಕ್ಕರೆ ತೆಗೆದು ಹಂಚಿದ. ಯತೀಶನ ಅಂಗೈಗೆ ಎರಡು ಚಿಟಿಕೆ ಜಾಸ್ತಿ ಹಾಕಿದ, ತಮ್ಮ ಅಲ್ಲವಾ. ಹುಡುಗರು ಸಕ್ಕರೆ ತಿಂದು ತಿಂದು ನಕ್ಕರು. ವಸಂತಕ್ಕ ಮಾತ್ರ ನಗಲಿಲ್ಲ. ಆ ಹೆಂಗಸಿನ ಮೇಲೆ ನನಗೆ ಎಷ್ಟೇ ಸಿಟ್ಟಿರಲಿ, ಇದ್ದದ್ದು ಹೇಳಬೇಕು. ಅವನನ್ನ ಸ್ಟೂಲ್ ಮೇಲೆ ಕೂರಿಸಿ ಬಿಡಿಸಿ ಹೇಳಿದಳು.

"ನೋಡು ಬೋರಲಿಂಗ, ದೇವರಿಗೆ ಆಣೆ ಮಾಡಿದ ಈ ದಂಡಿನವರದ್ದು ಒಂದು ಪಂಗಡ. ಅದಕ್ಕೇ ನಾವು ಹೆಸರು ಹುಡುಕ್ತಿರೋದು. ಅದರೊಳಗೆ ಒಳಪಂಗಡ ಅವೆ. ಯಾವ ಆಣೆ ಮಾಡ್ತಾರೋ ಅದೇ ಅವರ ಒಳಪಂಗಡ. ಬೆಳಕಿನ ಆಣೆಯವರು ಸುಳ್ಳು ಹೇಳಲ್ಲ. ಹಸಿರಿನ ಆಣೆಯವರು ಕಾಡು ಕಾಯ್ತಾರೆ. ಸೇಡಿನ ಆಣೆಯವರು ಕೆಟ್ಟೋರ ಬೆನ್ನು ಬಿಡಲ್ಲ, ಮಲಗಿದ್ರೂ ಬಿಡಲ್ಲ. ನಿನಗೆ ಯಾವುದು ಬೇಕು?"

ಬೋರಲಿಂಗ ಬಾಯಿ ತೆರೆದುಕೊಂಡು ಕೂತ, ಉತ್ತರ ಹೇಳದೆ ಎದ್ದು ಬಂದ. ಅಷ್ಟೊತ್ತಿಗೆ ತೊಟ್ಟಿಲಿನ ಕತೆ, ಒಳಪಂಗಡದ ಮಾತು ಎಲ್ಲ ಜವರಮ್ಮನ ಬಾಯಿಂದ ಊರೆಲ್ಲ ಸುತ್ತಿ ದೇವೀರಮ್ಮನ ಕಿವಿಗೆ ಬಂದಿತ್ತು.

"ಮೂಗನಾ ನೀನು?" ಅಂತ ರೇಗಿದಳು. "ಅವಳು ಅಷ್ಟು ಚೆನ್ನಾಗಿ ಪಂಗಡ ಒಳಪಂಗಡ ಕೇಳಿದ್ರೆ ಬಾಯಿ ಬಿಡೋಕೆ ಏನಾಗಿತ್ತು? ಇನ್ಮೇಲೆ ಯಾರು ಕೇಳಿದ್ರೂ ಸೈ, ಅವಳು ಹೇಳ್ಕೊಟ್ಟದ್ದು ಪಟಪಟ ಅಂತ ಹೇಳ್ಬೇಕು."

"ಯಾರು ಕೇಳಿದ್ರೂ?"

"ಯಾರು ಕೇಳಿದ್ರೂ."

ಆ ವಾರವೇ ಬೋರಲಿಂಗನಿಗೆ ಹೆಣ್ಣು ಕೊಡೋ ಕಡೆಯವರು ಮನೆ ನೋಡೋಕೆ ಬಂದರು. ಹೆಣ್ಣಿನ ಅಪ್ಪ ಪುಟ್ಟಮಾದಯ್ಯ, ಗಂಭೀರ ಮನುಷ್ಯ. ದೇವೀರಮ್ಮ ಉಪ್ಪಿಟ್ಟು ಮಾಡಿದಳು, ಬಾಳೆಹಣ್ಣು ಇಟ್ಟಳು, ಮಗನಿಗೆ ಹೊಸ ಷರಟು ತೊಡಿಸಿ ಗೋಡೆಗೆ ಒರಗಿಸಿ ಕೂರಿಸಿದಳು. ಗೋಡೆ ಆಚೆ ಜವರಮ್ಮ ಕೇಳಿಸಿಕೊಳ್ಳಲಿ ಅಂತ, "ಬನ್ನಿ ಬೀಗರೇ" ಅಂತ ಮೊದಲೇ ಜೋರಾಗಿ ಕೂಗಿದಳು. ಪುಟ್ಟಮಾದಯ್ಯ ಎರಡು ತುತ್ತು ಉಪ್ಪಿಟ್ಟು ತಿಂದು, ಗಂಟಲು ಸರಿ ಮಾಡಿಕೊಂಡು, ಎಲ್ಲ ಹೆಣ್ಣಿನ ಅಪ್ಪಂದಿರು ಕೇಳೋದನ್ನೇ ಕೇಳಿದ.

"ನಿಮ್ದು ಪಂಗಡ ಯಾವುದಪ್ಪ? ಒಳಪಂಗಡ?"

ಬೋರಲಿಂಗನ ಮುಖ ಅರಳಿತು. ಪಟಪಟ ಅಂದ:

"ಪಂಗಡಕ್ಕೆ ಇನ್ನೂ ಹೆಸರು ಮಡಗಿಲ್ಲ. ಒಳಪಂಗಡ ಮೂರು. ಬೆಳಕಿನೋರು ಸುಳ್ಳು ಹೇಳಲ್ಲ. ಹಸಿರಿನೋರು ಕಾಡಲ್ಲಿರ್ತಾರೆ. ಸೇಡಿನೋರು ಬೆನ್ನು ಬಿಡಲ್ಲ, ಮಲಗಿದ್ರೂ ಬಿಡಲ್ಲ."

ಪುಟ್ಟಮಾದಯ್ಯನ ಕೈಲಿದ್ದ ತುತ್ತು ಕೈಲೇ ಉಳಿಯಿತು. "ನೀವು ಯಾವುದ್ರೋರು?" ಅಂತ ಮೆಲ್ಲಗೆ ಕೇಳಿದ.

"ನಾನಿನ್ನೂ ಆಣೆ ಮಾಡಿಲ್ಲ. ನಿಮ್ಗೆ ಯಾವುದು ಬೇಕು?"

ಬೀಗರು ಎದ್ದರು. ಕೈ ತೊಳೆಯಲಿಲ್ಲ, ಚಪ್ಪಲಿ ನೆಟ್ಟಗೆ ಮೆಟ್ಟಲಿಲ್ಲ, ಹೊರಟೇಬಿಟ್ಟರು. ಹೋಗಲಿ, ನೆಟ್ಟಗೆ ಊರಿಗೆ ಹೋದರಾ? ಬಾಗಿಲಲ್ಲಿ ಜವರಮ್ಮ ನಿಂತಿದ್ದಳು. "ಬಿಸಿಲಲ್ಲಿ ಎಲ್ಲಿಗೆ ಹೊಂಟ್ರಿ, ಒಂದ್ ಲೋಟ ಕಾಪಿ ಕುಡ್ಕೊಂಡು ಹೋಗಿ" ಅಂದಳು. ಹೋದರು, ಕೂತರು. ದೇವೀರಮ್ಮ ಗೋಡೆಗೆ ಕಿವಿ ಕೊಟ್ಟು ನಿಂತಳು. ಲೋಟದ ಸದ್ದು ಕೇಳಿತು. ಯತೀಶನ ಹೆಸರು ಕೇಳಿತು. ಪುಟ್ಟಮಾದಯ್ಯ ನಕ್ಕಿದ್ದು ಕೇಳಿತು. ಕಣ್ಣಲ್ಲಿ ನೀರು ಬಂತು ಪಾಪ. ಅವಳು ಅತ್ತಿದ್ದು ಹೆಣ್ಣು ಕೈ ತಪ್ಪಿತು ಅಂತಲ್ಲ, ತನ್ನ ಮನೆಗೆ ಬಂದ ಅದೃಷ್ಟಲಕ್ಷ್ಮಿ ಹೋಗಿ ಆ ಮನೇಲಿ ಕಾಪಿ ಕುಡಿದಳಲ್ಲ ಅಂತ.

ಹಿಂದೆ ಬಂದು ನಿಂತ ಮಗನಿಗೆ, "ನನ್ ಕಣ್ಮುಂದೆ ನಿಲ್ಲಬ್ಯಾಡ. ಬಚ್ಚಲಿಗೆ ಹೋಗಿ ಒಲೆ ನೋಡು" ಅಂದಳು.

ಹೋದ. ನೋಡಿದ. ಒಲೆ ಉರೀತಿತ್ತು, ನೋಡಿದ. ಕಿಡಿ ಹಾರಿ ಪಕ್ಕದ ತೆಂಗಿನ ಗರಿ ಹೊತ್ತಿಕೊಂಡಿತು, ನೋಡಿದ. ಪೊರಕೆ ಹೊತ್ತಿಕೊಂಡಿತು, ನೋಡಿದ. ಹೊಗೆ ನಡುಮನೆಗೆ ಬಂದಾಗ ದೇವೀರಮ್ಮ ಗೋಡೆ ಬಿಟ್ಟು ಓಡಿಬಂದಳು. ಮಗ ಕೈಕಟ್ಟಿಕೊಂಡು ನಿಂತಿದ್ದ.

"ಮೊದಲು ಗರಿ ಹತ್ಕೊಂತು ಕಣವ್ವ, ಆಮೇಲೆ ಪೊರಕೆ, ಈಗ ಒಣಗಾಕಿದ್ದ ನಿನ್ ಸೀರೆ. ಒಂದೂ ಬಿಡ್ದಂಗೆ ನೋಡಿವ್ನಿ."

ಹಂಡೆ ನೀರೆಲ್ಲ ಸುರಿದು ಆರಿಸಿದ ಮೇಲೆ ದೇವೀರಮ್ಮ ಅಲ್ಲೇ ಕುಸಿದು ಕೂತಳು. ಬಯ್ಯೋದು ಬಿಟ್ಟು ಬೇಡಿಕೊಂಡಳು.

"ಕೇಳ್ಲಾ ಬೋರಾ, ಇದೊಂದು ಕೇಳು. ಬೆಂಕಿ ಬಿತ್ತು ಅಂತ ಕಿವಿಗೆ ಬಿದ್ರೆ ಸಾಕು, ನೋಡ್ತಾ ನಿಲ್ಲಬ್ಯಾಡ. ಯಾರು, ಎಲ್ಲಿ, ಏನು ಅಂತ ಕೇಳಬ್ಯಾಡ. ಕೈಗೆ ಸಿಕ್ಕಿದ ನೀರೆತ್ತಿ ಸುರಿ."

"ಯಾರು ಎಲ್ಲಿ ಏನು ಕೇಳಲ್ಲ. ಎತ್ತಿ ಸುರೀತೀನಿ."

ಮುಂದಿನ ಭಾನುವಾರ ಹೆಸರು ತೀರ್ಮಾನ. ಅವತ್ತು ವಸಂತಕ್ಕನ ಅಂಗಡೀಲಿ ಕಾಲಿಡೋಕೆ ಜಾಗ ಇಲ್ಲ. ಜವರಮ್ಮ ಹೊಸ ಸೀರೆ ಉಟ್ಟು ಒಂದು ಡಬ್ಬ ಕಜ್ಜಾಯ ತಂದಿದ್ದಳು, ಮಗ ಗೆದ್ದ ಮೇಲೆ ಹಂಚೋಕೆ. ನೋಡಿ ಅವಳ ಧೈರ್ಯ. ದೇವೀರಮ್ಮ ಬರಬಾರದು ಅಂದುಕೊಂಡವಳು, ಮನೇಲಿ ಕೂರೋಕಾಗದೆ ಮಗನ ಕೈ ಹಿಡಿದುಕೊಂಡು ಬಂದು ಬಾಗಿಲ ಹತ್ತಿರ ನಿಂತಳು. ಅಲ್ಲೇ ಬಾಗಿಲ ಪಕ್ಕ, ಬಂದವರಿಗೆ ಕುಡಿಯೋಕೆ ಅಂತ ನೀರಿನ ಮಡಕೆ ಎರಡು ಇಟ್ಟಿದ್ದರು. ನಾನೂ ಇದ್ದೆ. ನನ್ನ ಮಗ ಕಳ್ಳನಾದರೂ ಹೆಸರು ಮಡಗೋ ಹಕ್ಕು ಅವನಿಗೂ ಇತ್ತು.

ಒಬ್ಬ "ದೇವಭಟ" ಅಂದ. "ಬೇಡ, ಭಟ್ಟರು ಅಂದಂಗೆ ಕೇಳ್ತದೆ, ತೀರ್ಥ ಕೊಡಿ ಅಂತಾರೆ" ಅಂದಳು ವಸಂತಕ್ಕ. ಇನ್ನೊಬ್ಬ "ಪುಣ್ಯವೀರ" ಅಂದ. "ಲಾರಿ ಮೇಲೆ ಬರ್ಸೋಕೆ ಚೆನ್ನಾಗಿರ್ತದೆ" ಅಂದಳು. ನನ್ನ ಚೆಲುವರಾಜ "ಪೂಜಾರಿ ಪೈಲ್ವಾನ್" ಅಂದ. ಎಲ್ಲರೂ ನಕ್ಕರು. ನನಗೆ ಇವತ್ತಿಗೂ ಅದೇ ಒಳ್ಳೇ ಹೆಸರು ಅನ್ನಿಸುತ್ತದೆ, ಆದರೆ ಕಳ್ಳನ ಮಾತು ಯಾರು ಕೇಳುತ್ತಾರೆ?

ಕೊನೆಗೆ ಯತೀಶ ಎದ್ದ. ಕಾಲರ್ ಸರಿ ಮಾಡಿಕೊಂಡು, "ದಿವ್ಯಖಡ್ಗಧರ್ಮವೀರ" ಅಂದ. "ಸೇಡಿನ ಒಳಪಂಗಡ ಆದ್ರೆ ಪ್ರತೀಕಾರದಿವ್ಯಖಡ್ಗಧರ್ಮವೀರ."

ಹುಡುಗರೆಲ್ಲ ತಲೆದೂಗಿದರು. ಅರ್ಥ ಆಗದೆ ಇದ್ದದ್ದಕ್ಕೇ ದೊಡ್ಡದಾಗಿ ಕಂಡಿತು.

"ಉದ್ದ ಆಯ್ತಲ್ಲ ಯತೀಶ," ಅಂದಳು ವಸಂತಕ್ಕ. "ಕಾಪಾಡಪ್ಪಾ ಅಂತ ಅವನ್ನ ಕೂಗಿ ಮುಗಿಸೋದ್ರೊಳಗೆ ರಾಕ್ಷಸ ನಮ್ಮನ್ನ ತಿಂದು ಮೂಳೆ ಉಗುಳಿರ್ತಾನೆ. ಆದ್ರೂ ಇದಕ್ಕಿಂತ ಒಳ್ಳೇದು ಯಾರೂ ಹೇಳ್ಲಿಲ್ಲ." ಹೇಳಿ, ಬಿಳೀ ರೀಲು ಎತ್ತಿ ಯತೀಶನ ಕಡೆ ಕೈ ಚಾಚಿದಳು. ಜವರಮ್ಮ ಕಜ್ಜಾಯದ ಮುಚ್ಚಳ ತೆಗೆದಳು.

ದೇವೀರಮ್ಮ ಹೊಟ್ಟೆ ಹಿಡಿದುಕೊಂಡಳು. ತಡೆದಳು, ತಡೆದಳು, ತಡೆಯೋಕಾಗಲಿಲ್ಲ. ಮಗನ ಕಿವೀಲಿ ನರಳಿದಳು:

"ನನ್ ಹೊಟ್ಟೇಲಿ ಬೆಂಕಿ ಬಿತ್ತು ಕಣ್ಲಾ ಬೋರಾ."

ಯಾರು ಅಂತ ಕೇಳಲಿಲ್ಲ, ಎಲ್ಲಿ ಅಂತ ಕೇಳಲಿಲ್ಲ, ಏನು ಅಂತ ಕೇಳಲಿಲ್ಲ. ಮಡಕೆ ಎತ್ತಿದ, ಅವ್ವನ ಹೊಟ್ಟೆ ಮೇಲೆ ಸುರಿದ. ದಬದಬ ಅಂತ ಪೂರ್ತಿ ಸುರಿದ.

"ಯಾಕಪ್ಪ ಹಿಂಗ್ ಮಾಡ್ದೆ?" ಅಂತ ವಸಂತಕ್ಕ ಗಾಬರಿಯಿಂದ ಕೇಳಿದಳು.

"ಅವ್ವನ ಹೊಟ್ಟೇಲಿ ಬೆಂಕಿ ಬಿತ್ತು ಅಕ್ಕ. ಯತೀಶನಿಗೆ ರೀಲು ಕೊಡೋಕೆ ಹೋದ್ರಲ್ಲ, ಆಗ ಬಿತ್ತು."

ಒಬ್ಬರೂ ನಗಲಿಲ್ಲ. ನಗಬಹುದಿತ್ತು, ಆದರೆ ನಮಗೆಲ್ಲ ನಮ್ಮ ನಮ್ಮ ಹೊಟ್ಟೆ ನೆನಪಾಯಿತು. ದೇವೀರಮ್ಮ ತೊಪ್ಪೆಯಾಗಿ ನಿಂತಿದ್ದಳು. ಇಷ್ಟು ವರ್ಷ ಸೆರಗಲ್ಲಿ ಮುಚ್ಚಿಕೊಂಡು ಬಂದದ್ದು ಊರ ಮುಂದೆ ಬಿಚ್ಚಿಹೋಗಿತ್ತು. ಅವಮಾನ ತಾಳದೆ ಮಗನ ಮೇಲೆ ಕೈ ಎತ್ತಿದಳು. ಎತ್ತಿದ ಕೈ ಕೆಳಗಿಳಿಯಲಿಲ್ಲ. ಅಳುತ್ತಾ ಕೂಗಿದಳು:

"ನಾನು ಅಂದಿದ್ದನ್ನೆಲ್ಲ ಹಂಗಂಗೇ ಮಾಡೋಕೆ ನೀನೇನು ನನಗೆ ಆಣೆ ಕೊಟ್ಟು ಹುಟ್ಟಿದ ಆಳೇನ್ಲಾ? ಒಂದ್ ಸಲನಾದ್ರೂ ನನ್ ಮಾತು ಮೀರ್ಬಾರದಾ? ಆಣೆಯಾಳು, ಆಣೆಯಾಳು ನನ್ ಮಗ!"

ವಸಂತಕ್ಕನ ಕೈ ಅರ್ಧದಲ್ಲೇ ನಿಂತಿತು.

"ದೇವೀರಕ್ಕ, ಏನಂದ್ರಿ? ಇನ್ನೊಂದ್ಸಲ ಅನ್ನಿ."

"ಆಣೆಯಾಳು ಅಂದೆ. ಬೈದೆ."

"ಆಣೆಯಾಳು," ಅಂದಳು ವಸಂತಕ್ಕ. "ಆಣೆಗೆ ಆಳಾದವನು. ಬೆಳಕಿನ ಆಣೆಯಾಳು. ಹಸಿರಿನ ಆಣೆಯಾಳು. ಸೇಡಿನ ಆಣೆಯಾಳು." ಹುಡುಗರು ಒಬ್ಬೊಬ್ಬರೇ ಬಾಯಲ್ಲಿ ಆಡಿಸಿ ನೋಡಿದರು. ನಾಲಿಗೆ ಮೇಲೆ ಬೆಲ್ಲದ ಹಾಗೆ ನಿಂತಿತು. ಯತೀಶನೂ ಒಂದು ಸಲ ಅಂದು ನೋಡಿ ತಲೆ ಬಗ್ಗಿಸಿದ. ವಸಂತಕ್ಕ ಬಿಳೀ ರೀಲು ತಂದು ದೇವೀರಮ್ಮನ ಒದ್ದೆ ಕೈಲಿಟ್ಟಳು. ದೇವೀರಮ್ಮ ಅದನ್ನ ತಿರುಗಿಸಿ ಮುರುಗಿಸಿ ನೋಡಿದಳು, ಇಷ್ಟೇನಾ ಅನ್ನೋ ಹಾಗೆ. ಆಮೇಲೆ ಮಗನ ಕೈಗೆ ಕೊಟ್ಟು, "ತಗೋ. ಇದನ್ನ ಯಾವತ್ತೂ ಕೈಬಿಡಬ್ಯಾಡ" ಅಂದಳು.

ಈಗ ಅವನು ಊಟ ಮಾಡೋವಾಗಲೂ ಅದು ಎಡಗೈಲಿರುತ್ತೆ, ಅದು ಬೇರೆ ಮಾತು.

"ಯಾವ ಆಣೆ ಮಾಡ್ತೀಯ ಬೋರಲಿಂಗ? ನಿನ್ನ ಒಳಪಂಗಡ ಯಾವುದು?" ಅಂತ ಕೇಳಿದಳು ವಸಂತಕ್ಕ.

ಬೋರಲಿಂಗ ಜನ್ಮದಲ್ಲಿ ಮೊದಲ ಸಲ ಯೋಚನೆ ಮಾಡಿದ. "ನೀರು," ಅಂದ. "ಬೆಂಕಿ ಬಿದ್ದಲ್ಲಿ ನೀರು."

"ಬರ್ಕೊಳ್ರೋ," ಅಂದಳು ವಸಂತಕ್ಕ. "ನೀರಿನ ಆಣೆಯಾಳು. ನಾಲ್ಕನೇ ಒಳಪಂಗಡ."

ಎಲ್ಲರೂ ಚಪ್ಪಾಳೆ ಹೊಡೆದರು. ಜವರಮ್ಮ ಕಜ್ಜಾಯದ ಡಬ್ಬ ಹಿಡಿದುಕೊಂಡು ಹಾಗೇ ನಿಂತಿದ್ದಳು. ಹೊಸ ಸೀರೆ, ಬಾಡಿದ ಮುಖ. ಮೆಲ್ಲಗೆ ದೇವೀರಮ್ಮನ ಪಕ್ಕ ಬಂದಳು.

"ಅಕ್ಕ, ನಿನ್ ಪುಣ್ಯ ಕಣಕ್ಕ. ನಿನ್ ಮಗ ನಿನ್ ಮಾತು ಒಂದೂ ಮೀರಲ್ಲ. ನನ್ ಮಗನ್ನ ಒಂದ್ ಲೋಟ ನೀರು ಕೊಡಪ್ಪ ಅಂದ್ರೆ ತಲೆ ಎತ್ತಿ ನೋಡಲ್ಲ. ಜಾಣ, ಜಾಣ ಅಂತ ನಾನು ಊರಿಗೆಲ್ಲ ಹೇಳ್ಕಂಡು ತಿರುಗಿದ್ದು ಯಾಕೆ ಅಂದ್ಕಂಡೆ? ನಿಮ್ಮಿಬ್ಬರನ್ನ ನೋಡಿದಾಗೆಲ್ಲ..."

"ಬ್ಯಾಡ ಕಣೆ ಜವರಿ," ಅಂದಳು ದೇವೀರಮ್ಮ. ಅವಳಿಗೆ ಮುಂದಿನದು ಗೊತ್ತಾಗಿತ್ತು. "ಸುಮ್ಕಿರು, ಮುಂದಕ್ಕೆ ಹೇಳಬ್ಯಾಡ."

"ಇಲ್ಲ ಕಣಕ್ಕ, ಹೇಳ್ಬೇಕು. ನಿಮ್ಮಿಬ್ಬರನ್ನ ನೋಡಿದಾಗೆಲ್ಲ ನನ್ ಹೊಟ್ಟೇಲೂ ಬೆಂಕಿ ಬೀಳ್ತದೆ."

ಎಡಗೈಲಿ ಬಿಳೀ ರೀಲು, ಬಲಗೈಲಿ ಎರಡನೇ ಮಡಕೆ. ಹೊಸ ಸೀರೆ, ಕಜ್ಜಾಯ, ಜವರಮ್ಮ, ಒಂದೂ ಬಿಡದೆ ತೋಯಿಸಿದ.

"ಒಂದ್ ಲೋಟ ನೀರೂ ಕೇಳ್ದೆ ಅಲ್ವಾ ಚಿಕ್ಕವ್ವ," ಅಂದ ಬೋರಲಿಂಗ.

ಇಷ್ಟೇ ಕತೆ. ಅವತ್ತಿಂದ ಓರಗಿತ್ತಿಯರಿಬ್ಬರೂ ನಲ್ಲಿ ಹತ್ತಿರ ಒಟ್ಟಿಗೆ ಬರುತ್ತಾರೆ, ಒಟ್ಟಿಗೆ ನಗುತ್ತಾರೆ, ನನ್ನನ್ನ ಮಾತ್ರ "ಕಳ್ಳನ ತಾಯಿ" ಅಂತ ಕರೆಯುತ್ತಾರೆ. ಕೇಳಿದಾಗ ಹೇಗಾಗುತ್ತದೆ ಅಂತೀರಾ? ಅದನ್ನ ನಾನು ಹೇಳಲ್ಲಪ್ಪ. ಅಗೋ, ಬೋರಲಿಂಗ ಅಲ್ಲೇ ಜಗಲಿ ಮೇಲೆ ಕೂತಿದ್ದಾನೆ, ನನಗೆ ಬೇಗ ನೆಗಡಿ ಆಗುತ್ತದೆ.